ಸೂರ್ಯನಿಂದ ದೂರ ಇದ್ದಾಗಲೇ ಮಂಗಳದಲ್ಲಿ ನೀರಾವಿ ಜಾಸ್ತಿ, ಯಾಕೆ?

ಕೆಂಪುಚುಕ್ಕಿ:
ಮಂಗಳದ ನೀರಾವಿಯ ನಕ್ಷೆಯೊಂದನ್ನು ನೋಡುತ್ತಾ ಕೂತಿದ್ದೇನೆ. ಅಡ್ಡಕ್ಕೆ ಋತು, ಉದ್ದಕ್ಕೆ ಅಕ್ಷಾಂಶ, ಬಣ್ಣದಲ್ಲಿ ಆವಿಯ ಪ್ರಮಾಣ. ಹೆಚ್ಚಿನ ಭಾಗ ತಣ್ಣನೆ ನೀಲಿ. ಉತ್ತರ ಧ್ರುವದ ಬೇಸಿಗೆಯಲ್ಲಿ ಮಾತ್ರ ಒಂದು ದೊಡ್ಡ ಕೆಂಪು ಮಚ್ಚೆ ಇದೆ. ದಕ್ಷಿಣದ ಬೇಸಿಗೆಯಲ್ಲೂ ಒಂದು ಮಚ್ಚೆ ಇದೆ, ಆದರೆ ಅದು ಪೇಲವ.

ತಲೆ ಕೆಡಿಸಿದ ವಿಷಯ ಇದು. ಮಂಗಳದ ಕಕ್ಷೆ ಸಾಕಷ್ಟು ಮೊಟ್ಟೆಯಾಕಾರದ್ದು. ಸೂರ್ಯನಿಗೆ ಹತ್ತಿರ ಬಂದಾಗ ಸುಮಾರು 20.7 ಕೋಟಿ ಕಿ.ಮೀ., ದೂರ ಹೋದಾಗ 24.9 ಕೋಟಿ ಕಿ.ಮೀ. ಹತ್ತಿರ ಇದ್ದಾಗ ಸಿಗುವ ಬಿಸಿಲು ದೂರ ಇದ್ದಾಗಿನದಕ್ಕಿಂತ ಶೇ. 45ರಷ್ಟು ಜಾಸ್ತಿ. ಇದೇನೂ ಸಣ್ಣ ವ್ಯತ್ಯಾಸ ಅಲ್ಲ. ಈಗ ನೋಡಿ, ಉತ್ತರದ ಬೇಸಿಗೆ ಬರುವುದು ಮಂಗಳ ದೂರ ಇರುವಾಗ. ದಕ್ಷಿಣದ ಬೇಸಿಗೆ ಬರುವುದು ಹತ್ತಿರ ಇರುವಾಗ. ಹಾಗಾದರೆ ಬಿಸಿಲು ಕಡಿಮೆ ಇರುವ ಬೇಸಿಗೆಯಲ್ಲಿ ಆವಿ ಜಾಸ್ತಿ, ಸುಡುವ ಬೇಸಿಗೆಯಲ್ಲಿ ಕಡಿಮೆ. ಉಲ್ಟಾ ಆಯಿತಲ್ವಾ? ಗೊತ್ತಿರುವವರು ಹೇಳಿ.

ಸುಮ್ನೆಓದುಗ:
ನಾನೂ ಅಂಥ ಒಂದು ನಕ್ಷೆ ನೋಡಿದ್ದೆ. ಅದರಲ್ಲಿ ಆವಿಯನ್ನು ಮೈಕ್ರಾನ್‌ನಲ್ಲಿ ಕೊಟ್ಟಿದ್ದರು. ಆವಿಯನ್ನು ಉದ್ದದ ಅಳತೆಯಲ್ಲಿ ಅಳೆಯುವುದು ಹೇಗೆ? ಯಾರಾದರೂ ಬಿಡಿಸಿ ಹೇಳ್ತೀರಾ?

ಲೆಕ್ಕದಹುಚ್ಚ:
ಒಂದು ಜಾಗದ ಮೇಲೆ ನೆಲದಿಂದ ಆಕಾಶದ ತುದಿಯವರೆಗೆ ಎಷ್ಟು ನೀರಾವಿ ಇದೆಯೋ ಅದನ್ನೆಲ್ಲ ಹಿಂಡಿ ನೀರು ಮಾಡಿ ಅಲ್ಲೇ ನೆಲಕ್ಕೆ ಸುರಿದರೆ ನೀರು ಎಷ್ಟು ಆಳ ನಿಲ್ಲುತ್ತದೆ? ಆ ಆಳವೇ ಈ ಅಳತೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಒಂದು ಚದರ ಮೀಟರಿಗೆ ಒಂದು ಗ್ರಾಂ ನೀರು ಅಂತಲೂ ಹೇಳಬಹುದು, ಎರಡೂ ಒಂದೇ.

ಭೂಮಿಯಲ್ಲಿ ಈ ಆಳ ಸರಾಸರಿ 25 ಮಿಲಿಮೀಟರ್ ಆಸುಪಾಸು. ಮಂಗಳದಲ್ಲಿ ಸರಾಸರಿ 10 ಮೈಕ್ರಾನ್. ಅಂದರೆ ಎರಡೂವರೆ ಸಾವಿರ ಪಟ್ಟು ಕಡಿಮೆ. ಕೆಂಪುಚುಕ್ಕಿ ಹೇಳಿದ ಆ ದೊಡ್ಡ ಮಚ್ಚೆಯ ನಡುವೆಯೂ 70 ಮೈಕ್ರಾನ್ ಆಸುಪಾಸು ಅಷ್ಟೇ, ಒಂದು ತಲೆಗೂದಲಿನ ದಪ್ಪ.

ಇಡೀ ಗ್ರಹಕ್ಕೆ ಲೆಕ್ಕ ಹಾಕೋಣ. ಮಂಗಳದ ಮೇಲ್ಮೈ ಸುಮಾರು 14.4 ಕೋಟಿ ಚದರ ಕಿ.ಮೀ. ಅದನ್ನು 10 ಮೈಕ್ರಾನ್‌ನಿಂದ ಗುಣಿಸಿ. 1.4 ಘನ ಕಿ.ಮೀ. ನೀರು ಬರುತ್ತದೆ. ಒಂದು ಗ್ರಹದ ಆಕಾಶದಲ್ಲಿರುವ ಎಲ್ಲಾ ನೀರು ಒಂದು ಸಾಧಾರಣ ಜಲಾಶಯದಲ್ಲಿ ಹಿಡಿಸುತ್ತದೆ. ನಾವು ಇಲ್ಲಿ ಮಾತಾಡುತ್ತಿರುವುದು ಇಷ್ಟು ಸಣ್ಣ ಮೊತ್ತದ ಏರಿಳಿತದ ಬಗ್ಗೆ ಅನ್ನುವುದು ತಲೆಯಲ್ಲಿರಲಿ.

ಆವಿಬೇಟೆ:
ಕೆಂಪುಚುಕ್ಕಿಯವರೇ, ಬಿಸಿಲು ಎಷ್ಟು ಬೀಳುತ್ತದೆ ಅನ್ನುವುದು ಅರ್ಧ ಪ್ರಶ್ನೆ. ಬಿಸಿಲು ಯಾವುದರ ಮೇಲೆ ಬೀಳುತ್ತದೆ ಅನ್ನುವುದು ಇನ್ನರ್ಧ.

ಮಂಗಳದ ಎರಡೂ ಧ್ರುವಗಳಲ್ಲಿ ಬಿಳಿ ಟೋಪಿ ಇದೆ. ಚಳಿಗಾಲದಲ್ಲಿ ಎರಡರ ಮೇಲೂ ಇಂಗಾಲದ ಡೈಆಕ್ಸೈಡ್ ಹೆಪ್ಪುಗಟ್ಟಿ ಡ್ರೈ ಐಸ್ ಆಗಿ ಕೂರುತ್ತದೆ. ಸಣ್ಣ ಪ್ರಮಾಣದಲ್ಲಿ ಅಲ್ಲ, ಇಡೀ ವಾತಾವರಣದ ಕಾಲು ಭಾಗದಷ್ಟು ಹೀಗೆ ನೆಲಕ್ಕೆ ಇಳಿದು ಮತ್ತೆ ಮೇಲೇಳುತ್ತದೆ. ಮಂಗಳದ ನೆಲಕ್ಕಿಳಿದ ನಾಸಾದ ವೈಕಿಂಗ್ ಲ್ಯಾಂಡರ್‌ಗಳ ಒತ್ತಡಮಾಪಕದಲ್ಲಿ ಇದು ವರ್ಷ ವರ್ಷವೂ ಅಲೆಯ ಹಾಗೆ ಕಾಣುತ್ತಿತ್ತು.

ಬೇಸಿಗೆ ಬಂದಾಗ ಎರಡು ಧ್ರುವಗಳ ದಾರಿ ಬೇರೆಯಾಗುತ್ತದೆ. ಉತ್ತರದಲ್ಲಿ ಡ್ರೈ ಐಸ್ ಪೂರ್ತಿ ಹೋಗಿಬಿಡುತ್ತದೆ. ಕೆಳಗೆ ಸುಮಾರು ಸಾವಿರ ಕಿ.ಮೀ. ಅಗಲದ, ಎರಡು ಮೂರು ಕಿ.ಮೀ. ದಪ್ಪದ ನೀರಿನ ಮಂಜುಗಡ್ಡೆ ಬಿಸಿಲಿಗೆ ಮೈ ಒಡ್ಡಿ ಮಲಗಿರುತ್ತದೆ. ಇದು ಖಚಿತವಾಗಿದ್ದು 1976ರಲ್ಲಿ, ಮೇಲೆ ಸುತ್ತುತ್ತಿದ್ದ ವೈಕಿಂಗ್ ಆರ್ಬಿಟರ್‌ಗಳಿಂದ. ಬೇಸಿಗೆಯ ಟೋಪಿಯ ತಾಪ ಅಳೆದರೆ ಮೈನಸ್ 68 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಂತು. ಮಂಗಳದ ಒತ್ತಡದಲ್ಲಿ ಡ್ರೈ ಐಸ್ ಉಳಿಯಬೇಕಾದರೆ ಮೈನಸ್ 125 ಬೇಕು. ಅಷ್ಟು ಬಿಸಿಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಅದೇ ಹೊತ್ತಿಗೆ ಆರ್ಬಿಟರ್‌ನ ನೀರಾವಿ ಉಪಕರಣ ಅದೇ ಜಾಗದ ಮೇಲೆ ಗ್ರಹದಲ್ಲೇ ಅತಿ ಹೆಚ್ಚು ಆವಿ ತೋರಿಸಿತು. ಎರಡೂ ಕೂಡಿಸಿದರೆ ಅದು ನೀರಿನದೇ ಗಡ್ಡೆ.

ಮೈನಸ್ 68 ಅಂದರೆ ನಮಗೆ ಭಯಂಕರ ಚಳಿ. ಆದರೆ ಆ ತಾಪದಲ್ಲಿ ಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತಾ ಇರುತ್ತದೆ. ಅಲ್ಲಿ ಸುಮಾರು 5 ಡಿಗ್ರಿ ಏರಿದರೆ ಗಾಳಿ ಹಿಡಿಯಬಲ್ಲ ಆವಿ ಎರಡು ಪಟ್ಟಾಗುತ್ತದೆ. ಹಾಗಾಗಿ ಸ್ವಲ್ಪ ಬೆಚ್ಚಗಾದರೂ ಸಾಕು. ಜೊತೆಗೆ ಉತ್ತರದ ಬೇಸಿಗೆ ಉದ್ದ. ಸೂರ್ಯನಿಂದ ದೂರ ಇದ್ದಾಗ ಗ್ರಹ ನಿಧಾನ ಓಡುತ್ತದಲ್ಲ. ಉತ್ತರದ ಬೇಸಿಗೆ 178 ಮಂಗಳ ದಿನ, ದಕ್ಷಿಣದ್ದು 154.

ಕೆಂಪುಚುಕ್ಕಿ:
ಸರಿ, ಉತ್ತರದ್ದು ಅರ್ಥವಾಯಿತು. ದಕ್ಷಿಣದ ಟೋಪಿಯಲ್ಲಿ ನೀರೇ ಇಲ್ವಾ? ಇಲ್ಲದಿದ್ದರೆ ಆ ಪೇಲವ ಮಚ್ಚೆ ಎಲ್ಲಿಂದ ಬಂತು?

ಆವಿಬೇಟೆ:
ನೀರಿದೆ, ಆದರೆ ಮುಚ್ಚಿಕೊಂಡಿದೆ. ದಕ್ಷಿಣದ ಉಳಿಕೆ ಟೋಪಿಯ ಮೇಲೆ ಬೇಸಿಗೆಯಲ್ಲೂ ಸುಮಾರು 8 ಮೀಟರ್ ದಪ್ಪದ ಡ್ರೈ ಐಸ್ ಉಳಿದುಬಿಡುತ್ತದೆ. ನೀರಿನ ಗಡ್ಡೆ ಅದರ ಕೆಳಗೆ. ಡ್ರೈ ಐಸ್ ಇರುವವರೆಗೆ ಆ ಮೇಲ್ಮೈ ಮೈನಸ್ 125ರಲ್ಲೇ ನಿಂತಿರುತ್ತದೆ. ಅಂಥ ಮೇಲ್ಮೈಗೆ ತಾಗಿದ ಆವಿ ಅಲ್ಲೇ ಅಂಟಿಕೊಳ್ಳುತ್ತದೆ. ಅಂದರೆ ದಕ್ಷಿಣದ ಟೋಪಿ ಕೊಡುವ ಕೈ ಅಲ್ಲ, ಇಸ್ಕೊಳ್ಳುವ ಕೈ.

ಪೇಲವ ಮಚ್ಚೆಯ ನೀರು ಹೆಚ್ಚಾಗಿ ಉತ್ತರದಿಂದಲೇ ಹೋದದ್ದು. ಉತ್ತರದ ಬೇಸಿಗೆ ಮುಗಿಯುವ ಹೊತ್ತಿಗೆ ಆವಿ ದಕ್ಷಿಣಕ್ಕೆ ಸರಿಯುತ್ತದೆ. ಸಮಭಾಜಕ ದಾಟುತ್ತದೆ. ದಕ್ಷಿಣದ ಚಳಿಗಾಲದ ಡ್ರೈ ಐಸ್ ಜೊತೆ ಹಿಮವಾಗಿ ಕೂರುತ್ತದೆ. ವಸಂತದಲ್ಲಿ ಆ ಡ್ರೈ ಐಸ್ ಹಿಮ್ಮೆಟ್ಟುವಾಗ ನೀರೂ ಬಿಡುಗಡೆಯಾಗುತ್ತದೆ. ಆಗ 25 ಮೈಕ್ರಾನ್ ಸುಮಾರಿಗೆ ಏರುತ್ತದೆ. ಆಮೇಲೆ ವಾಪಸ್ ಉತ್ತರಕ್ಕೆ ಪಯಣ.

ವಾಪಸ್ ಬರುವಾಗಿನ ಕೊನೆಯ ಹೆಜ್ಜೆ ನನಗೆ ಬಹಳ ಇಷ್ಟ. ಉತ್ತರದ ವಸಂತದಲ್ಲಿ ಡ್ರೈ ಐಸ್‌ನ ಅಂಚು ಧ್ರುವದ ಕಡೆ ಹಿಮ್ಮೆಟ್ಟುತ್ತದೆ. ಅಂಚಿನ ಹೊರಗೆ ನೀರಿನ ಹಿಮದ ಒಂದು ಉಂಗುರ ಬಿಟ್ಟುಹೋಗಿರುತ್ತದೆ. ಬಿಸಿಲು ಬಿದ್ದು ಆ ಹಿಮ ಆವಿಯಾಗುತ್ತದೆ. ಆ ಆವಿಯಲ್ಲಿ ಒಂದಷ್ಟನ್ನು ಗಾಳಿ ಮತ್ತೆ ತಣ್ಣನೆ ಅಂಚಿನ ಮೇಲಕ್ಕೆ ತಳ್ಳುತ್ತದೆ, ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಅಂಚು ಇನ್ನಷ್ಟು ಹಿಂದೆ ಸರಿದರೆ ಮತ್ತೆ ಅದೇ ಕಥೆ. ಹೀಗೆ ನೀರು ಮೆಟ್ಟಿಲು ಮೆಟ್ಟಿಲಾಗಿ ಧ್ರುವಕ್ಕೆ ಮರಳುತ್ತದೆ. ಮಂಗಳವನ್ನು ಸುತ್ತುವ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಒಮೆಗಾ ಉಪಕರಣ ಈ ಉಂಗುರವನ್ನು ನೇರವಾಗಿ ಕಂಡಿದೆ.

ದೂರದರ್ಶಕಪ್ರಿಯೆ:
ಮಧ್ಯೆ ಬಾಯಿ ಹಾಕುತ್ತೇನೆ. ನೀವೆಲ್ಲ 70, 25 ಅಂತ ಅಂಕಿ ಹೇಳುತ್ತಿದ್ದೀರಿ. ಈ ಅಂಕಿಗಳು ಕಲ್ಲಿನಲ್ಲಿ ಕೆತ್ತಿದವಲ್ಲ.

ಮಂಗಳದಲ್ಲಿ ನೀರಾವಿ ಇದೆ ಅಂತ ಮೊದಲು ಗಟ್ಟಿಯಾಗಿ ತೋರಿಸಿದ್ದು 1963ರಲ್ಲಿ, ಸ್ಪಿನ್ರಾಡ್, ಮ್ಯೂಂಚ್, ಕಪ್ಲನ್ ಮೂವರು, ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಲ್ಲಿ. ಅವರಿಗಿದ್ದ ದೊಡ್ಡ ಕಾಟ ಭೂಮಿಯದೇ ಆವಿ. ಮಂಗಳದ ಬೆಳಕು ನಮ್ಮ ಒದ್ದೆ ಗಾಳಿಯನ್ನು ದಾಟಿ ಬರಬೇಕು. ಎರಡು ಗ್ರಹಗಳ ನೀರೂ ಒಂದೇ ಬಣ್ಣವನ್ನೇ ನುಂಗುತ್ತದೆ, ಬೆಳಕಿನ ಬಣ್ಣಪಟ್ಟಿಯಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಅದಕ್ಕೆ ಅವರು ಮಂಗಳ ನಮ್ಮಿಂದ ಸೆಕೆಂಡಿಗೆ ಸುಮಾರು 15 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದ್ದ ಹೊತ್ತನ್ನು ಆರಿಸಿಕೊಂಡರು. ದೂರ ಸರಿಯುವುದರ ಬೆಳಕು ಕೆಂಪಿನ ಕಡೆ ಜರುಗುತ್ತದಲ್ಲ, ಆ ಡಾಪ್ಲರ್ ಪರಿಣಾಮದಿಂದ ಮಂಗಳದ ಗೆರೆ ಭೂಮಿಯ ಗೆರೆಯ ಪಕ್ಕಕ್ಕೆ ಕೂದಲೆಳೆಯಷ್ಟು ಜರುಗಿತು. ಫೋಟೋ ಪ್ಲೇಟಿನ ಮೇಲೆ ದಪ್ಪ ಗೆರೆಯ ಪಕ್ಕದಲ್ಲೊಂದು ಮಸುಕು ನೆರಳು, ಅಷ್ಟೇ. ಅದರಿಂದ ಬಂದ ಉತ್ತರ 14 ಮೈಕ್ರಾನ್, 7 ಆಚೀಚೆ. ಅಷ್ಟು ಮಸುಕಿನಿಂದ ಇಷ್ಟು ಸರಿಯಾದ ಉತ್ತರ ತೆಗೆದರಲ್ಲ ಅಂತ ಈಗಲೂ ಬೆರಗು.

ಈಗ ಉಪಕರಣಗಳ ಜಗಳ. ವೈಕಿಂಗ್‌ನ ನೀರಾವಿ ಉಪಕರಣ ನೆಲದಿಂದ ಪ್ರತಿಫಲಿಸಿದ ಬಿಸಿಲನ್ನು ನೋಡುತ್ತಿತ್ತು. 1977ರಲ್ಲಿ ಎರಡು ಭಾರಿ ದೂಳಿನ ಬಿರುಗಾಳಿ ಎದ್ದವು. ದೂಳು ಬೆಳಕನ್ನು ಮೇಲೆಯೇ ಚದುರಿಸಿದರೆ ಕೆಳಗಿನ ಆವಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಆ ವರ್ಷದ ದಕ್ಷಿಣ ಬೇಸಿಗೆಯಲ್ಲಿ ಆವಿ ತೀರಾ ಕಡಿಮೆ ಅಂತ ಕಂಡಿತು. ಆಮೇಲೆ ಮಾರ್ಸ್ ಗ್ಲೋಬಲ್ ಸರ್ವೇಯರ್‌ನ ಟೆಸ್ ಉಪಕರಣ 1999ರಿಂದ ಕೆಲವು ವರ್ಷ ಶಾಖದ ಕಿರಣಗಳಲ್ಲಿ ಅಳೆಯಿತು. ಮೊದಲು ಉತ್ತರಕ್ಕೆ 100ರ ಹತ್ತಿರ ಬಂದ ಅಂಕಿ ಮುಂದೆ ಲೆಕ್ಕ ತಿದ್ದಿದಾಗ ಇಳಿಯಿತು. ಯಾವ ಲೇಖನದಲ್ಲಾದರೂ 100 ಮೈಕ್ರಾನ್ ಅಂತ ಕಂಡರೆ ಅದು ಯಾವ ಉಪಕರಣ, ತಿದ್ದುಪಡಿಗೆ ಮೊದಲಿನದೋ ಆಮೇಲಿನದೋ ನೋಡಿ. ಋತುಚಕ್ರದ ಆಕಾರ ಮಾತ್ರ ಎಲ್ಲದರಲ್ಲೂ ಒಂದೇ. ಆಕಾರವನ್ನು ನಂಬಬಹುದು, ಅಂಕಿಗೆ ಸ್ವಲ್ಪ ಜಾಗ ಬಿಡಿ.

ಸುಮ್ನೆಓದುಗ:
ಒಂದು ಅನುಮಾನ. ಕ್ಯೂರಿಯಾಸಿಟಿ ರೋವರ್ ಇರುವ ಜಾಗದಲ್ಲಿ ಗಾಳಿಯ ತೇವಾಂಶ ಶೇ. 70 ಇತ್ತು ಅಂತ ಓದಿದ್ದೆ. ಶೇ. 70 ಅಂದರೆ ಜಿಗುಟು ಸೆಕೆ! ಇಲ್ಲಿ ನೋಡಿದರೆ ನೀವು ಮರುಭೂಮಿಗಿಂತ ಒಣ ಅಂತೀರಿ.

ಲೆಕ್ಕದಹುಚ್ಚ:
ಅಂಕಿ ಸರಿಯೇ ಇದೆ. ಅದು ಸಾಪೇಕ್ಷ ತೇವಾಂಶ. ಅಂದರೆ ಆ ತಾಪದಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಪಾಲು ಈಗ ಇದೆ ಅಂತ. ಆ ರೋವರ್ ಇರುವ ಗೇಲ್ ಕುಳಿಯಲ್ಲಿ ಚಳಿಗಾಲದ ಬೆಳಗಿನ ಜಾವ ಮೈನಸ್ 80 ದಾಟುತ್ತದೆ. ಆಗ ಗಾಳಿ ಹಿಡಿಯಬಲ್ಲದ್ದೇ ಚೂರೇ ಚೂರು. ಅದರಲ್ಲಿ ಶೇ. 70 ತುಂಬಿದರೂ ಒಟ್ಟು ನೀರು ಏನೂ ಇಲ್ಲ. ಮಧ್ಯಾಹ್ನ ಸೊನ್ನೆಯ ಹತ್ತಿರ ಏರಿದಾಗ ಅದೇ ಗಾಳಿಯ ತೇವಾಂಶ ಶೇ. 1ಕ್ಕಿಂತ ಕೆಳಗೆ ಬಿದ್ದುಹೋಗುತ್ತದೆ. ಒಂದೇ ದಿನದಲ್ಲಿ.

10 ಮೈಕ್ರಾನ್ ಆವಿ ಕೆಳಗಿನ ಹತ್ತು ಕಿ.ಮೀ. ಗಾಳಿಯಲ್ಲಿ ಹರಡಿದೆ ಅಂತಿಟ್ಟುಕೊಳ್ಳಿ. ಒಂದು ಘನ ಮೀಟರಿಗೆ ಒಂದು ಮಿಲಿಗ್ರಾಂ. ಅದು ಹೆಪ್ಪುಗಟ್ಟಲು ಮೈನಸ್ 75ರ ಕೆಳಗೆ ಇಳಿಯಬೇಕು. ಮಂಗಳದ ಬಹುಪಾಲು ರಾತ್ರಿಗಳು ಆ ಗೆರೆಯ ಆಸುಪಾಸಿನಲ್ಲೇ ಇರುತ್ತವೆ. ಹಾಗಾಗಿ ನೀರು ಇಷ್ಟು ಕಡಿಮೆ ಇದ್ದರೂ ಹಿಮ, ಮಂಜು, ಮೋಡ ಎಲ್ಲ ಆಗುತ್ತವೆ.

ತೇವದಮಣ್ಣು:
ಎಲ್ಲರೂ ಧ್ರುವ ಧ್ರುವ ಅಂತ ಜಪ ಮಾಡುತ್ತಿದ್ದೀರಿ, ಮಣ್ಣನ್ನು ಯಾರೂ ಕೇಳುತ್ತಿಲ್ಲ. ಅದೇ ಗೇಲ್ ಕುಳಿಯಲ್ಲಿ ರಾತ್ರಿಯ ಗಾಳಿಯಲ್ಲಿ ಇರುವ ಆವಿ ಹಗಲಿನದಕ್ಕಿಂತ ಕಡಿಮೆ. ಹಿಮ ಬೀಳುವಷ್ಟು ತಣ್ಣಗಾಗದ ರಾತ್ರಿಗಳಲ್ಲೂ ಕಡಿಮೆ. ಹೋಗಿದ್ದೆಲ್ಲಿಗೆ? ಮಣ್ಣಿನ ಕಣಗಳ ಮೈಗೆ ಅಂಟಿಕೊಂಡಿದೆ. ಬೆಳಿಗ್ಗೆ ಬಿಸಿಲಿಗೆ ಬಿಟ್ಟುಕೊಡುತ್ತದೆ. ದಿನಕ್ಕೊಮ್ಮೆ ಇದು ನಡೆಯುವುದಾದರೆ ವರ್ಷಕ್ಕೊಮ್ಮೆ ಯಾಕೆ ನಡೆಯಬಾರದು? ಋತುಚಕ್ರಕ್ಕೆ ಅರ್ಧ ಕಾರಣ ಮಣ್ಣು ಅನ್ನುತ್ತೇನೆ ನಾನು.

ವೈಕಿಂಗ್ 2 ಲ್ಯಾಂಡರ್ ತೆಗೆದ ಫೋಟೋ ನೋಡಿ. ಉಟೋಪಿಯ ಬಯಲು, 48 ಡಿಗ್ರಿ ಉತ್ತರ, 1979ರ ಮೇ. ಕಲ್ಲುಗಳ ನೆರಳಿನಲ್ಲಿ, ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಹಿಮ. ದಪ್ಪ ಇಂಚಿನ ಸಾವಿರದ ಒಂದು ಪಾಲು ಮೀರುವುದಿಲ್ಲ ಅಂತ ಅಂದಾಜು. ಮೈಕ್ರಾನ್ ಲೆಕ್ಕಕ್ಕೆ 25. ಅಂದರೆ ಗ್ರಹದ ಸರಾಸರಿ ಆಕಾಶದಲ್ಲಿ ಇರುವುದಕ್ಕಿಂತ ಜಾಸ್ತಿ ನೀರು ಆ ಜಾಗದ ನೆಲದ ಮೇಲೆ ಕೂತಿತ್ತು. ಫೀನಿಕ್ಸ್ ಲ್ಯಾಂಡರ್ 2008ರಲ್ಲಿ 68 ಡಿಗ್ರಿ ಉತ್ತರದಲ್ಲಿ ಕೆಲವೇ ಸೆಂಟಿಮೀಟರ್ ಅಗೆದು ಗಡ್ಡೆ ಕಂಡಿತು. ಅಗೆದ ಗುಂಡಿಯಲ್ಲಿ ಬಿಳಿಯ ಚೂರುಗಳು ಕಂಡವು, ನಾಲ್ಕು ದಿನದಲ್ಲಿ ಮಾಯವಾದವು. ಉಪ್ಪಾಗಿದ್ದರೆ ಹಾಗೆ ಹೋಗುತ್ತಿರಲಿಲ್ಲ.

ಆವಿಬೇಟೆ:
ಮಣ್ಣಿಗೂ ಪಾಲಿದೆ, ಜಗಳ ಇಲ್ಲ. ಅರ್ಧ ಅನ್ನುವುದಕ್ಕೆ ಮಾತ್ರ ನನ್ನ ತಕರಾರು. ಎರಡು ಕಾರಣ.

ಒಂದು, ಗ್ರಹದ ತುಂಬ ಮಣ್ಣೇ ಉಸಿರಾಡುತ್ತಿದ್ದರೆ ಆವಿ ಎಲ್ಲಾ ಅಕ್ಷಾಂಶಗಳಲ್ಲೂ ಬೇಸಿಗೆ ಬಂದ ಕೂಡಲೇ ಏರಬೇಕಿತ್ತು. ಹಾಗಾಗುವುದಿಲ್ಲ. ಏರಿಕೆ ಉತ್ತರ ಧ್ರುವದಲ್ಲಿ ಶುರುವಾಗಿ, ಅಲ್ಲಿ ತುದಿ ಮುಟ್ಟಿ, ಆಮೇಲೆ ತಡವಾಗಿ ದಕ್ಷಿಣಕ್ಕೆ ಹಬ್ಬುತ್ತದೆ. ಎಲ್ಲಿಂದ ಹೊರಟಿದೆ ಅನ್ನುವುದು ನಕ್ಷೆಯಲ್ಲೇ ಕಾಣುತ್ತದೆ. ಎರಡು, ಧ್ರುವದ ಗಡ್ಡೆ, ಗಾಳಿ, ಮೋಡ ಇಷ್ಟೇ ಹಾಕಿದ ಕಂಪ್ಯೂಟರ್ ಮಾದರಿಗಳೇ ಚಕ್ರದ ಬಹುಪಾಲನ್ನು ಹಿಡಿಯುತ್ತವೆ. ಮಣ್ಣು ಸೇರಿಸಿದರೆ ವಿವರ ಸುಧಾರಿಸುತ್ತದೆ, ಚಿತ್ರ ಬದಲಾಗುವುದಿಲ್ಲ.

ಗಡ್ಡೆಯ ಕಡೆಯಿಂದಲೂ ಲೆಕ್ಕ ನೋಡಿ. ಆವಿಯಾಗಿ ಒಂದು ಘನ ಕಿ.ಮೀ. ನೀರು ಹೊರಬಿದ್ದರೆ ಸಾವಿರ ಕಿ.ಮೀ. ಅಗಲದ ಟೋಪಿಯಿಂದ ತೆಗೆದದ್ದು ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಪದರ. ಅಷ್ಟು ಕೊಡಲು ಗಡ್ಡೆಗೆ ಕಷ್ಟವೇನಿಲ್ಲ.

ತೇವದಮಣ್ಣು:
ಮಾದರಿ ಹೊಂದುತ್ತದೆ ಅಂದ ಮಾತ್ರಕ್ಕೆ ಮಣ್ಣು ಸುಮ್ಮನಿದೆ ಅಂತ ಅಲ್ಲ. ಮೋಡದ ಕಣಗಳ ಗಾತ್ರ ಒಂಚೂರು ತಿರುಚಿದರೆ ಮಾದರಿಯ ಆವಿ ಎಷ್ಟು ಬೇಕಾದರೂ ಆಗುತ್ತದೆ. ನನ್ನ ಮಾತಿಗೆ ನಾನು ಬದ್ಧ.

ಮೋಡಗಣ್ಣು:
ಮೋಡದ ಹೆಸರು ಬಂತಲ್ಲ, ಕಾಯುತ್ತಿದ್ದೆ.

ಮಂಗಳ ಸೂರ್ಯನಿಂದ ದೂರ ಇರುವ ತಿಂಗಳುಗಳಲ್ಲಿ ಸಮಭಾಜಕದ ಸುತ್ತ ಗ್ರಹಕ್ಕೇ ಪಟ್ಟಿ ಕಟ್ಟಿದ ಹಾಗೆ ನೀರಿನ ಮೋಡಗಳು ಬರುತ್ತವೆ. ಸುಮಾರು 10 ಡಿಗ್ರಿ ದಕ್ಷಿಣದಿಂದ 30 ಡಿಗ್ರಿ ಉತ್ತರದವರೆಗೆ. ತೆಳ್ಳನೆ ಮೋಡ, ಹಿಮದ ಹರಳುಗಳದ್ದು. ಹಬಲ್ ದೂರದರ್ಶಕದ ಚಿತ್ರಗಳಲ್ಲೂ ಕಾಣುತ್ತವೆ.

ಇವುಗಳ ಕೆಲಸ ನೋಡಿ. ಆ ಋತುವಿನಲ್ಲಿ ಇಡೀ ವಾತಾವರಣ ತಣ್ಣಗಿರುತ್ತದೆ. ಉತ್ತರದಿಂದ ಬಂದ ಆವಿ ಮೇಲೇರಲು ಹೊರಟರೆ 10, 15 ಕಿ.ಮೀ. ಎತ್ತರದಲ್ಲೇ ಹೆಪ್ಪುಗಟ್ಟುತ್ತದೆ. ಹರಳಾಗಿ ಕೆಳಗೆ ಇಳಿಯುತ್ತದೆ. ದಕ್ಷಿಣಕ್ಕೆ ಹೋಗುವ ಗಾಳಿ ಬೀಸುವುದು ಮೇಲಿನ ಪದರದಲ್ಲಿ. ಆವಿ ಅಲ್ಲಿಗೆ ತಲುಪುವುದೇ ಕಷ್ಟ. ಕೆಳಗಿನ ಗಾಳಿ ಅದನ್ನು ಮತ್ತೆ ಉತ್ತರಕ್ಕೇ ತಳ್ಳುತ್ತದೆ. 1996ರಲ್ಲಿ ವಿಜ್ಞಾನಿ ಕ್ಲಾನ್ಸಿ ಮತ್ತು ಸಂಗಡಿಗರು ಈ ವಾದ ಮುಂದಿಟ್ಟರು. ನೀರು ಉತ್ತರದಲ್ಲೇ ಹೆಚ್ಚಾಗಿ ಉಳಿಯಲು ಇದೊಂದು ಬೇಲಿ. ಕೆಂಪುಚುಕ್ಕಿಯವರ ನಕ್ಷೆಯ ಮಚ್ಚೆ ಅಷ್ಟು ಗಾಢ ಇರಲು ಇದೂ ಕಾರಣ. ಬಿಸಿಲು ಕಡಿಮೆ ಇರುವುದರಿಂದಲೇ ಆವಿ ಅಲ್ಲಲ್ಲೇ ಕಟ್ಟುಬಿದ್ದಿದೆ.

ಬೇಲಿಯಲ್ಲಿ ಕಿಂಡಿಗಳೂ ಇವೆ. 2011ರಲ್ಲಿ ಮಾರ್ಸ್ ಎಕ್ಸ್‌ಪ್ರೆಸ್‌ನ ಸ್ಪೈಕಾಮ್ ಉಪಕರಣ ಒಂದು ಆಶ್ಚರ್ಯ ತಂದಿತು. ಹೆಪ್ಪುಗಟ್ಟಬೇಕಾದ ಮಿತಿಗಿಂತ ಹತ್ತು ಪಟ್ಟಿನವರೆಗೆ ಆವಿ ಗಾಳಿಯಲ್ಲಿ ಹಾಗೇ ನಿಂತಿತ್ತು. ಹರಳು ಮೂಡಲು ದೂಳಿನ ಕಣ ಬೇಕು. ಶುಭ್ರ ಗಾಳಿಯಲ್ಲಿ ಕಣ ಸಿಗದಿದ್ದರೆ ಆವಿ ಆವಿಯಾಗಿಯೇ ಮೇಲೇರುತ್ತದೆ.

ಭೌತಮೇಡಂ:
ಋತುವಿನ ಮಾತು ಬಂದಾಗ ಓಝೋನ್ ಬಿಡಬೇಡಿ. ನೀರಾವಿ ಎಲ್ಲಿ ಜಾಸ್ತಿಯೋ ಅಲ್ಲಿ ಓಝೋನ್ ಕಡಿಮೆ. ಚಳಿಗಾಲದ ಧ್ರುವದ ಮೇಲೆ ಆವಿ ಬಹುತೇಕ ಸೊನ್ನೆ, ಅಲ್ಲಿ ಓಝೋನ್ ಅತಿ ಹೆಚ್ಚು. ಮ್ಯಾರಿನರ್ 9 ನೌಕೆ ಇದನ್ನು 1971-72ರಲ್ಲೇ ಕಂಡಿತ್ತು. ಬಿಸಿಲಿನ ನೇರಳಾತೀತ ಕಿರಣ ನೀರಿನ ಅಣುವನ್ನು ಒಡೆದಾಗ ಬರುವ ಚೂರುಗಳು ಓಝೋನನ್ನು ತಿಂದುಹಾಕುತ್ತವೆ.

ಆ ಚೂರುಗಳು ಇನ್ನೊಂದು ದೊಡ್ಡ ಉಪಕಾರವನ್ನೂ ಮಾಡುತ್ತವೆ. ನೇರಳಾತೀತ ಕಿರಣ ಇಂಗಾಲದ ಡೈಆಕ್ಸೈಡನ್ನೂ ಒಡೆಯುತ್ತದೆ. ಕಾರ್ಬನ್ ಮಾನಾಕ್ಸೈಡ್, ಆಕ್ಸಿಜನ್ ಎರಡಾಗುತ್ತವೆ. ಅವು ತಾವಾಗಿ ಮತ್ತೆ ಕೂಡುವುದು ಬಹಳ ನಿಧಾನ. ಹಾಗೇ ಬಿಟ್ಟಿದ್ದರೆ ಕೆಲವೇ ಸಾವಿರ ವರ್ಷಗಳಲ್ಲಿ ಮಂಗಳದ ಗಾಳಿಯೇ ಬದಲಾಗಿಹೋಗಬೇಕಿತ್ತು. ಆದರೆ ಇಂದಿಗೂ ಶೇ. 95 ಇಂಗಾಲದ ಡೈಆಕ್ಸೈಡೇ. ನೀರಿನ ಚೂರುಗಳು ನಡುವೆ ನಿಂತು ಅವೆರಡನ್ನು ಮತ್ತೆ ಕೂಡಿಸುತ್ತಿವೆ. 10 ಮೈಕ್ರಾನ್ ಅಂತ ಕಡೆಗಣಿಸಬೇಡಿ.

ದೂಳುಬಿರುಗಾಳಿ:
ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಹೇಳಲೇಬೇಕು. ನೀವೆಲ್ಲ ಚರ್ಚಿಸುತ್ತಿರುವ ನಕ್ಷೆ ಒಟ್ಟು ಆವಿಯದ್ದು. ಎಷ್ಟು ಇದೆ ಅಂತ ಮಾತ್ರ ಹೇಳುತ್ತದೆ, ಎಷ್ಟು ಎತ್ತರದಲ್ಲಿದೆ ಅಂತ ಹೇಳುವುದಿಲ್ಲ. ಮಂಗಳ ತನ್ನ ನೀರನ್ನು ಹೇಗೆ ಕಳೆದುಕೊಳ್ಳುತ್ತಿದೆ ಅಂತ ಕೇಳಿದರೆ ಆ ಕೆಂಪು ಮಚ್ಚೆ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಪೇಲವ ಮಚ್ಚೆಯ ಋತುವೇ ಅಪಾಯದ್ದು.

ಹಳೆಯ ತಿಳಿವಳಿಕೆ ಹೀಗಿತ್ತು: ನೀರಾವಿ ಕೆಳಗೇ ಸಿಕ್ಕಿಬಿದ್ದಿರುತ್ತದೆ. ಅಲ್ಲಿ ಒಡೆದು ಹೈಡ್ರೋಜನ್ ಅಣುವಾಗುತ್ತದೆ. ಆ ಹೈಡ್ರೋಜನ್ ಬಹಳ ನಿಧಾನಕ್ಕೆ ಮೇಲೇರಿ ಬಾಹ್ಯಾಕಾಶಕ್ಕೆ ಸೋರುತ್ತದೆ. ನಿಧಾನ ಅಂದರೆ ನೂರಾರು ವರ್ಷ. ಹಾಗಾದರೆ ಸೋರಿಕೆ ಋತುವಿಗೆ ಋತುವಿಗೆ ಬದಲಾಗುವ ಪ್ರಶ್ನೆಯೇ ಇಲ್ಲ. ಆದರೆ 2007ರ ದ್ವಿತೀಯಾರ್ಧದಲ್ಲಿ ಹಬಲ್ ಮತ್ತು ಮಾರ್ಸ್ ಎಕ್ಸ್‌ಪ್ರೆಸ್ ಮಂಗಳದ ಸುತ್ತಲಿನ ಹೈಡ್ರೋಜನ್ ಪ್ರಭೆಯನ್ನು ನೋಡಿದಾಗ ಅದು ಕೆಲವೇ ತಿಂಗಳಲ್ಲಿ ಮಂಕಾಗುತ್ತಾ ಹೋಗಿತ್ತು. ಆಮೇಲೆ ಮೇವನ್ ನೌಕೆ 2014ರಿಂದ ಸತತವಾಗಿ ಅಳೆದಾಗ ಇನ್ನೂ ಸ್ಪಷ್ಟವಾಯಿತು. ಸೂರ್ಯನಿಗೆ ಹತ್ತಿರ ಇರುವ ಋತುವಿನಲ್ಲಿ ಹೈಡ್ರೋಜನ್ ಸೋರಿಕೆ ದೂರದ ಋತುವಿಗಿಂತ ಹತ್ತು ಪಟ್ಟಿನಷ್ಟು ಜಾಸ್ತಿ. ಅದೇ ವಾರ ಮಂಗಳ ತಲುಪಿದ ಮಂಗಳಯಾನದಲ್ಲೂ ಹೈಡ್ರೋಜನ್, ಅದರ ಭಾರದ ರೂಪವಾದ ಡ್ಯೂಟೀರಿಯಂ ಎರಡರ ಹೊಳಪು ಅಳೆಯಲೆಂದೇ ಒಂದು ಉಪಕರಣ ಇತ್ತು.

ಕಾರಣ ಎತ್ತರ. ದಕ್ಷಿಣದ ಬೇಸಿಗೆಯಲ್ಲಿ ವಾತಾವರಣ ಬೆಚ್ಚಗಾಗುತ್ತದೆ. ದೂಳು ಏಳುತ್ತದೆ. ದೂಳು ಬಿಸಿಲನ್ನು ಹೀರಿ ಗಾಳಿಯನ್ನು ಇನ್ನೂ ಬಿಸಿ ಮಾಡುತ್ತದೆ. ಆಗ ಮೋಡಗಣ್ಣು ಹೇಳಿದ ಬೇಲಿ 10, 15 ಕಿ.ಮೀ.ನಲ್ಲಿ ಇರುವುದಿಲ್ಲ, 40 ಕಿ.ಮೀ. ದಾಟಿ ಮೇಲೆ ಹೋಗಿರುತ್ತದೆ. ಆವಿ ಸರಾಗ ಮೇಲೇರುತ್ತದೆ.

2018ರಲ್ಲಿ ಇದು ಕಣ್ಣೆದುರೇ ನಡೆಯಿತು. ಜೂನ್‌ನಲ್ಲಿ ಇಡೀ ಗ್ರಹವನ್ನು ದೂಳು ಮುಚ್ಚಿತು. ಆಪರ್ಚುನಿಟಿ ರೋವರ್‌ನ ಕೊನೆಯ ಸಂದೇಶ ಬಂದದ್ದು ಜೂನ್ 10ಕ್ಕೆ. ಆ ಹೊತ್ತಿಗೆ ಟ್ರೇಸ್ ಗ್ಯಾಸ್ ಆರ್ಬಿಟರ್ ನೌಕೆ ಕೆಲಸ ಶುರುಮಾಡಿ ಎರಡು ತಿಂಗಳಾಗಿತ್ತಷ್ಟೇ. ಅದರ ನೋಮ್ಯಾಡ್, ಎಸಿಎಸ್ ಉಪಕರಣಗಳು ನೋಡುವ ರೀತಿಯೇ ಬೇರೆ. ಕೆಳಕ್ಕೆ ನೋಡುವುದಷ್ಟೇ ಅಲ್ಲ. ಮಂಗಳದ ಅಂಚಿನಲ್ಲಿ ಸೂರ್ಯ ಮುಳುಗುವಾಗ ಅಥವಾ ಹುಟ್ಟುವಾಗ, ಆ ಬೆಳಕು ವಾತಾವರಣದ ಒಂದೊಂದೇ ಪದರವನ್ನು ದಾಟಿ ಬರುವುದನ್ನು ಹಿಡಿಯುತ್ತವೆ. ಹಾಗಾಗಿ ಯಾವ ಎತ್ತರದಲ್ಲಿ ಎಷ್ಟು ಆವಿ ಅಂತ ಪದರ ಪದರವಾಗಿ ಸಿಗುತ್ತದೆ. ಬಿರುಗಾಳಿಯಲ್ಲಿ, ಆಮೇಲೆ ಬಂದ ದಕ್ಷಿಣದ ಬೇಸಿಗೆಯಲ್ಲಿ ಆವಿ 80 ಕಿ.ಮೀ. ಎತ್ತರದಲ್ಲೂ ಸಿಕ್ಕಿತು. ಮೇವನ್ ಅಂತೂ 150 ಕಿ.ಮೀ. ಆಚೆ, ಅಯಾನುಗಳಿರುವ (ವಿದ್ಯುದಾವೇಶದ ಕಣಗಳಿರುವ) ಪದರದಲ್ಲೇ ನೀರಿನ ಗುರುತು ಹಿಡಿಯಿತು. ಅಷ್ಟು ಮೇಲೆ ಹೋದ ನೀರು ಬಹಳ ಹೊತ್ತು ಬದುಕುವುದಿಲ್ಲ. ಕಿರಣ, ಅಯಾನು ಎರಡೂ ಸೇರಿ ಒಡೆಯುತ್ತವೆ. ಹೈಡ್ರೋಜನ್‌ಗೆ ಬಾಹ್ಯಾಕಾಶ ಪಕ್ಕದ ಮನೆ. ನೂರಾರು ವರ್ಷ ಕಾಯಬೇಕಿಲ್ಲ.

ಕೆಂಪುಚುಕ್ಕಿ:
ಇದು ನನ್ನ ಪ್ರಶ್ನೆಯನ್ನೇ ತಿರುಗಿಸಿ ಇಟ್ಟಿತು. ಅಂದರೆ ಉತ್ತರದ ಬೇಸಿಗೆಯಲ್ಲಿ ಗಡ್ಡೆ ಆವಿ ಕೊಡುತ್ತದೆ, ಮೋಡ ಅದನ್ನು ಕೆಳಗೆ ಹಿಡಿದಿಡುತ್ತದೆ. ದಕ್ಷಿಣದ ಬೇಸಿಗೆಯಲ್ಲಿ ಆವಿ ಕಡಿಮೆ ಇದ್ದರೂ ಬಾಗಿಲು ತೆರೆದಿರುತ್ತದೆ. ಈ ಜೋಡಣೆ ಯಾವಾಗಲೂ ಹೀಗೇ ಇತ್ತಾ? ಬೇಸಿಗೆಗಳು ಅದಲುಬದಲಾದರೆ ಏನಾಗುತ್ತದೆ?

ಆವಿಬೇಟೆ:
ಅದಲುಬದಲು ಆಗಿಯೇ ಆಗುತ್ತದೆ. ಮಂಗಳದ ಅಕ್ಷ ಬುಗುರಿಯಂತೆ ನಿಧಾನಕ್ಕೆ ತಿರುಗುತ್ತದೆ, ಕಕ್ಷೆಯೂ ತಿರುಗುತ್ತದೆ. ಎರಡೂ ಸೇರಿ ಸುಮಾರು 51 ಸಾವಿರ ವರ್ಷಕ್ಕೊಂದು ಸುತ್ತು. ಅರ್ಧ ಸುತ್ತಿನಲ್ಲಿ ಉತ್ತರದ ಬೇಸಿಗೆ ಸೂರ್ಯನಿಗೆ ಹತ್ತಿರ ಬರುತ್ತದೆ. ಕೊನೆಯ ಬಾರಿ ಹಾಗಿದ್ದದ್ದು 21 ಸಾವಿರ ವರ್ಷಗಳ ಹಿಂದೆ. ಆಗ ಉತ್ತರದ ಗಡ್ಡೆಗೆ ಸುಡುವ ಬೇಸಿಗೆ, ಬೇಲಿಯೂ ಮೇಲೆ. ನೀರು ದಕ್ಷಿಣಕ್ಕೆ ಸಾಗಿ ಅಲ್ಲಿ ಕೂಡಿಕೊಂಡಿರಬೇಕು ಅಂತ ಮಾದರಿಗಳು ಹೇಳುತ್ತವೆ. ದಕ್ಷಿಣದಲ್ಲಿ ಡ್ರೈ ಐಸ್‌ನ ಕೆಳಗೆ, ಅದರ ಅಂಚಿನಲ್ಲಿ ಕಾಣುವ ನೀರಿನ ಗಡ್ಡೆಗೆ ಇದೊಂದು ವಿವರಣೆ.

ಎಲ್ಲವನ್ನೂ ಕಕ್ಷೆಯ ತಲೆಗೆ ಕಟ್ಟಬೇಡಿ. ದಕ್ಷಿಣಾರ್ಧ ಉತ್ತರಕ್ಕಿಂತ ಸರಾಸರಿ ಕೆಲವು ಕಿ.ಮೀ. ಎತ್ತರದಲ್ಲಿದೆ. ಈ ಇಳಿಜಾರಿನಿಂದಲೇ ದಕ್ಷಿಣ ಬೇಸಿಗೆಯ ಗಾಳಿಯ ಸುತ್ತು ಉತ್ತರ ಬೇಸಿಗೆಯದಕ್ಕಿಂತ ಜೋರು. ಕಕ್ಷೆ ಬದಲಾದರೂ ನೆಲದ ಎತ್ತರ ಬದಲಾಗುವುದಿಲ್ಲ. ಹಾಗಾಗಿ 21 ಸಾವಿರ ವರ್ಷದ ಹಿಂದಿನ ಮಂಗಳ ಈಗಿನದರ ಕನ್ನಡಿ ಬಿಂಬ ಆಗಿರಲಿಲ್ಲ.

ಸುಮ್ನೆಓದುಗ:
ಹೀಗೆ ಸೋರುತ್ತಾ ಇದ್ದರೆ ಮಂಗಳದ ನೀರು ಯಾವಾಗ ಖಾಲಿ?

ಲೆಕ್ಕದಹುಚ್ಚ:
ಲೆಕ್ಕ ಹಾಕೋಣ. ಮೇವನ್ ತಂಡದ ಪ್ರಕಾರ ಈಗ ಹೈಡ್ರೋಜನ್, ಆಕ್ಸಿಜನ್ ಸೇರಿ ಸೆಕೆಂಡಿಗೆ 2ರಿಂದ 3 ಕೆ.ಜಿ. ಸೋರುತ್ತಿದೆ. ಎರಡೂವರೆ ಅಂತ ಹಿಡಿಯಿರಿ. ಮಂಗಳದ ಒಂದು ವರ್ಷ 687 ಭೂದಿನ, ಅಂದರೆ ಸುಮಾರು 5.9 ಕೋಟಿ ಸೆಕೆಂಡು. ವರ್ಷಕ್ಕೆ ಒಂದೂವರೆ ಲಕ್ಷ ಟನ್. ಆಕಾಶದಲ್ಲಿ ಇರುವ 1.4 ಘನ ಕಿ.ಮೀ. ನೀರು ಅಂದರೆ 140 ಕೋಟಿ ಟನ್. ಹತ್ತು ಸಾವಿರದಲ್ಲಿ ಒಂದು ಪಾಲು ಹೋಗುತ್ತದೆ. ಗಡ್ಡೆ ಅದನ್ನು ತುಂಬಿಕೊಡುತ್ತದೆ. ಉತ್ತರದ ಟೋಪಿಯಲ್ಲೇ ಸುಮಾರು 8 ಲಕ್ಷ ಘನ ಕಿ.ಮೀ. ಇದೆ. ಗ್ರಹದ ಮೇಲೆ ಸಮನಾಗಿ ಹರಡಿದರೆ ಐದೂವರೆ ಮೀಟರ್ ಆಳ. ಈಗಿನ ವೇಗದಲ್ಲಿ 450 ಕೋಟಿ ವರ್ಷ ಸೋರಿದರೂ ಹೋಗುವುದು ಎರಡೂವರೆ ಮೀಟರ್ ಆಳದಷ್ಟು. ಖಾಲಿಯಾಗುವ ಚಿಂತೆ ಬೇಡ.

ದೂಳುಬಿರುಗಾಳಿ:
ಈ ವೇಗವನ್ನೇ ಹಿಂದಕ್ಕೂ ಎಳೆಯಬೇಡಿ. ಎಳೆಯ ಸೂರ್ಯನ ನೇರಳಾತೀತ ಕಿರಣ ಬಹಳ ಜೋರಿತ್ತು, ಆಗಿನ ಸೋರಿಕೆಯೂ ಜೋರು. ಗುರುತು ನೀರಲ್ಲೇ ಉಳಿದಿದೆ. ಹಗುರ ಹೈಡ್ರೋಜನ್ ಸುಲಭವಾಗಿ ಹಾರಿಹೋಗುತ್ತದೆ, ಭಾರದ ಡ್ಯೂಟೀರಿಯಂ ಹಿಂದೆ ಉಳಿಯುತ್ತದೆ. ಮಂಗಳದ ಆವಿಯಲ್ಲಿ ಡ್ಯೂಟೀರಿಯಂ ಪಾಲು ಭೂಮಿಯ ಸಮುದ್ರದ ನೀರಿಗಿಂತ ಐದಾರು ಪಟ್ಟು ಜಾಸ್ತಿ. ಎರಡೂವರೆ ಮೀಟರ್ ಹೋದರೆ ಇಷ್ಟು ಸೇರುವುದಿಲ್ಲ.

ಅಂದ ಹಾಗೆ ಕೆಂಪುಚುಕ್ಕಿಯವರೇ, ಮುಂದೆ ನಕ್ಷೆ ಹುಡುಕುವಾಗ ಒಟ್ಟು ಆವಿಯ ಪಕ್ಕದಲ್ಲಿ ಎತ್ತರದ ನಕ್ಷೆಯನ್ನೂ ಇಟ್ಟುಕೊಳ್ಳಿ. ಋತುವನ್ನು ಡಿಗ್ರಿಯಲ್ಲಿ ಬರೆದಿರುತ್ತಾರೆ: 90 ಅಂದರೆ ಉತ್ತರದ ನಡುಬೇಸಿಗೆ, 270 ಅಂದರೆ ದಕ್ಷಿಣದ್ದು. ಸೂರ್ಯನಿಗೆ ಅತಿ ಹತ್ತಿರ ಬರುವುದು 251ರಲ್ಲಿ. ಎತ್ತರದ ನಕ್ಷೆಯಲ್ಲಿ ಮೊದಲು ಆ ಸುತ್ತಮುತ್ತ ನೋಡಿ.